ಎರಡು ಕೊಂಬಿನ ಕಾರ್ಡು

ಪಕ್ಕದ್ಮನೆ ದೊಡ್ಡವ್ವನಿಗೆ ಒಂದು ಅಭ್ಯಾಸ. ತೆರೆದಿರುವ ಯಾವುದನ್ನು ಕಂಡರೂ ಮುಚ್ಚುತ್ತಾರೆ. ಹಾಲಿನ ಕ್ಯಾನಿಗೆ ತಟ್ಟೆ, ನೀರಿನ ಕೊಳಗಕ್ಕೆ ಹಲಗೆ, ಮರಿ ಮಾಡಿದ ಕೋಳಿಗೆ ಮಂಕರಿ. ತೆರೆದಿಲ್ಲದ್ದನ್ನೂ ಬಿಡುವುದಿಲ್ಲ. ಅವರ ಮನೆಯ ಟೀವಿ ರಿಮೋಟಿಗೆ ಪ್ಲಾಸ್ಟಿಕ್ ಕವರು, ಆ ಕವರಿನ ಮೇಲೆ ಒಂದು ಕರ್ಚೀಫು. ಒಂದು ಮಧ್ಯಾಹ್ನ ದೊಡ್ಡಪ್ಪ ಜಗಲಿಯ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದಾಗ ಅವರ ಮುಖದ ಮೇಲೂ ಟವೆಲ್ಲು ಹಾಕಿ ಹೋದರು. ದೊಡ್ಡಪ್ಪ ಗಾಬರಿಯಿಂದ ಎದ್ದು, "ಯಾಕಮ್ಮಿ, ನಾನಿನ್ನೂ ಸತ್ತಿಲ್ಲ ಕಣೆ," ಅಂದರು.

"ನೊಣ ಅಲ್ಲೀಗಂಟ ಕಾಯಕಿಲ್ಲ," ಅಂದರು ದೊಡ್ಡವ್ವ.

ಇಂಥವು ನನ್ನ ಕಣ್ಣೆದುರಿಗೆ ಆಗುತ್ತಲೇ ಇರುತ್ತವೆ. ನಾನು ಮಾತಾಡುವುದು ಕಡಿಮೆ. ಸುಮ್ಮನೆ ಕೂತವರನ್ನು ಜನ ಬೇಗ ಮರೆತುಬಿಡುತ್ತಾರೆ, ಮರೆತು ತಮ್ಮ ಪಾಡಿಗೆ ತಾವಿರುತ್ತಾರೆ. ಹೊಸ ಲ್ಯಾಪ್‌ಟಾಪಿಗೆ ಒಂದು ವೈರ್‌ಲೆಸ್ ಕಾರ್ಡು ಆರಿಸಲು ಹೊರಟಾಗ ಆದ ಕೆಲವು ಸಂಗತಿಗಳು ಇವು.

ಬಾಯಿ ತೆರೆಯದ ಕೆಲಸ

ನಮ್ಮದು ಅರಕೆರೆ. ಅಮ್ಮ ಪಾಂಡವಪುರದಲ್ಲಿ ಟೀಚರು. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ. ಅಪ್ಪ ನಾಗಮಂಗಲದಲ್ಲಿ ಕೆಲಸದಲ್ಲಿದ್ದಾರೆ, ವಾರಕ್ಕೊಮ್ಮೆ ಮನೆಗೆ. ನಡುವೆ ಹಗಲೆಲ್ಲ ನಾನು ಮತ್ತು ಗಡಿಯಾರ.

ಬಿ.ಕಾಂ. ಮುಗಿಸಿ ಮನೆಯಿಂದಲೇ ಮಾಡುವ ಒಂದು ಕೆಲಸ ಹಿಡಿದಿದ್ದೆ. ಹೊರದೇಶದ ಒಂದು ಇಂಟರ್ನೆಟ್ ಕಂಪನಿಯ ಗ್ರಾಹಕರು ತಮ್ಮ ವೈಫೈ ಸರಿಯಿಲ್ಲ ಅಂತ ಚಾಟ್‌ನಲ್ಲಿ ದೂರು ಬರೆಯುತ್ತಾರೆ, ನಾನು ಇಂಗ್ಲಿಷಿನಲ್ಲಿ ಸಮಾಧಾನ ಬರೆಯಬೇಕು. ಮಾತಾಡಬೇಕಿಲ್ಲ, ಟೈಪ್ ಮಾಡಿದರೆ ಸಾಕು. ಜಾಹೀರಾತಿನಲ್ಲಿ ಆ ಸಾಲು ಓದಿದಾಗ ನನ್ನನ್ನು ನೋಡಿಯೇ ಯಾರೋ ಈ ಕೆಲಸ ಹುಟ್ಟಿಸಿದ್ದಾರೆ ಅನ್ನಿಸಿತ್ತು. ಏನು ಕೇಳಬೇಕು ಅನ್ನುವುದನ್ನೂ ಕಂಪನಿಯೇ ಬರೆದುಕೊಟ್ಟಿದೆ. ರೂಟರ್ ಆನ್ ಆಗಿದೆಯೇ? ನೀವು ರೂಟರಿನಿಂದ ದೂರ ಕೂತಿದ್ದೀರಾ? ರೂಟರಿನ ಮೇಲಾಗಲೀ ಪಕ್ಕದಲ್ಲಾಗಲೀ ಲೋಹದ ವಸ್ತು ಏನಾದರೂ ಇದೆಯೇ? ಈ ಮೂರು ಪ್ರಶ್ನೆಗಳನ್ನು ದಿನಾ ಎಷ್ಟು ಜನಕ್ಕೆ ಕೇಳಿದ್ದೇನೋ ದೇವರಿಗೇ ಗೊತ್ತು.

ಟ್ರಯಲ್ಲು ಒಂದು ತಿಂಗಳು. ಅಷ್ಟರಲ್ಲಿ ನೆಟ್ಟು ಪದೇಪದೇ ಬಿದ್ದರೆ ಕೆಲಸ ಹೋಯಿತು. ಹೋದರೆ ಏನು ಅನ್ನುವುದನ್ನು ಅಪ್ಪ ಮೊದಲೇ ತೀರ್ಮಾನ ಮಾಡಿದ್ದರು: "ನಾಗಮಂಗಲದ ಸ್ಕೂಟರ್ ಶೋರೂಮಲ್ಲಿ ಹೇಳಿಟ್ಟಿದ್ದೀನಿ. ಕೌಂಟರಲ್ಲಿ ನಿಂತು ಬಂದವರನ್ನ ಮಾತಾಡಿಸೋದು ಅಷ್ಟೇ." ಅಷ್ಟೇ ಅಂತೆ. ಅಂಗಡಿಯಲ್ಲಿ ಚಿಲ್ಲರೆ ಕೇಳುವುದಕ್ಕೂ ಮನೆಯಿಂದಲೇ ವಾಕ್ಯ ಜೋಡಿಸಿಕೊಂಡು ಹೋಗುವವಳು ನಾನು.

ಮೊದಲ ವಾರ ಒಬ್ಬ ಗ್ರಾಹಕ ನಡುವೆ ನಿಲ್ಲಿಸಿ ಬರೆದ: "ನೀನು ಮನುಷ್ಯಳಾ, ಯಂತ್ರವಾ?"

"ಮನುಷ್ಯಳು," ಅಂತ ಬರೆದೆ.

"ಹಾಗಾದರೆ ಸಾಬೀತು ಮಾಡು."

ಸುತ್ತ ನೋಡಿದೆ. ಸಾಕ್ಷಿ ಹೇಳುವುದಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ.

ಫ್ಯಾಟು

ವೈಫೈ ಪೆಟ್ಟಿಗೆ ಇರುವುದು ನಮ್ಮ ಮನೆಯಲ್ಲಲ್ಲ, ದೊಡ್ಡವ್ವನ ಮನೆಯ ನಡುಮನೆಯಲ್ಲಿ. ಕೇಬಲ್ಲಿನವನ ವೈರು ಅವರ ಮನೆ ಕಂಬಕ್ಕೆ ಬಂದು ಮುಗಿದುಹೋಯಿತು. "ಗೋಡೆಗೆ ಗೋಡೆ ಅಂಟ್ಕೊಂಡಿದೆ, ಇಬ್ರೂ ಒಂದ್ರಲ್ಲೇ ಸುಧಾರಿಸ್ಕೊಳಿ," ಅಂದ. ಮಜ್ಜಿಗೆ, ಮೊರ, ಏಣಿ ಎಲ್ಲ ಹಾಗೇ ಸುಧಾರಿಸಿಕೊಂಡು ಬಂದವರು ನಾವು, ವೈಫೈಯೂ ಹಾಗೇ ಅಂದುಕೊಂಡೆವು.

ಒಂದೆರಡು ದಿನ ನನ್ನ ರೂಮಿಗೆ ಚೆನ್ನಾಗಿಯೇ ಬಂತು. ಆಮೇಲೆ ಎಳ್ಳಷ್ಟೂ ಇಲ್ಲ. ಲ್ಯಾಪ್‌ಟಾಪನ್ನು ಎತ್ತಿಕೊಂಡು ಮನೆಯೆಲ್ಲ ಸುತ್ತಿ, ಕೊನೆಗೆ ಸಿಗ್ನಲ್ಲು ಸಿಕ್ಕಿದ್ದು ದೊಡ್ಡವ್ವನ ಜಗಲಿಯ ಮೇಲೆ. ಗೋಡೆಯ ಆಚೆಗೇ ಪೆಟ್ಟಿಗೆ. ಸರಿ, ಚಾಪೆ ಹಾಸಿಕೊಂಡು ಅಲ್ಲೇ ಆಫೀಸು ತೆರೆದೆ. ಒಳಗೆ ಹೋಗಿ ಪೆಟ್ಟಿಗೆ ಏನಾಗಿದೆ ಅಂತ ನೋಡಬಹುದಿತ್ತು. ಆದರೆ ಬೇರೆಯವರ ನಡುಮನೆಗೆ ಕರೆಯದೆ ಹೋಗುವುದು ನನ್ನ ಕೈಲಾಗುವುದಿಲ್ಲ. ದೊಡ್ಡವ್ವ ಕರೆಯುತ್ತಲೂ ಇರಲಿಲ್ಲ. ಕಾಫಿ, ಹುರಿಗಾಳು, ಹಲಸಿನ ತೊಳೆ, ಎಲ್ಲ ಜಗಲಿಗೇ ಬರುತ್ತಿತ್ತು. ಅದರ ಜೊತೆಗೆ ಊರ ಸುದ್ದಿಯೂ.

ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವವರೆಲ್ಲ ಆ ಜಗಲಿಯ ಮುಂದೇ ಹೋಗುತ್ತಾರೆ. ಒಬ್ಬರು ಕ್ಯಾನು ಹಿಡಿದು ಬಂದು ನನ್ನ ಮುಂದೆ ನಿಂತು, "ನಂದು ಫ್ಯಾಟು ಎಷ್ಟು ಬಂದದವ್ವ?" ಅಂದರು. ಲ್ಯಾಪ್‌ಟಾಪು ಇಟ್ಟುಕೊಂಡು ಬೆಳಿಗ್ಗೆಯೇ ಹೀಗೆ ಕೂತಿರುವ ಹುಡುಗಿ ಡೈರಿಯವಳೇ ಇರಬೇಕು ಅಂತ ಅವರ ಲೆಕ್ಕ. ಅಲ್ಲ ಅನ್ನಲು ಬಾಯಿ ಬರಲಿಲ್ಲ.

"ಚೆನ್ನಾಗಿದೆ," ಅಂದೆ.

ಅವರ ಮುಖ ಅರಳಿತು. ಮಾರನೆಯ ದಿನ ಕೋಪದಲ್ಲಿ ಬಂದರು. "ಡೈರಿಯವ್ನು ನಿನ್ನ ಹಾಲಲ್ಲಿ ಏನೂ ಇಲ್ಲ ಅಂತಾನೆ. ನೀನು ಚೆಂದಾಗದೆ ಅಂತೀಯ. ಯಾರ ಮಾತು ನಂಬಾನ?"

ಒಳಗಿಂದ ದೊಡ್ಡವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ನೀರು ಉಯ್ಯೋದ ಬುಡು, ಇಬ್ರೂ ಒಂದೇ ಮಾತು ಯೋಳ್ತಾರೆ."

ಹಿಂದೆ ಇರುವವರು

ನಮ್ಮ ಸೂಪರ್‌ವೈಸರ್ ಮೇಡಂ ಇರುವುದು ಬೆಂಗಳೂರಿನಲ್ಲಿ. ಕಂಪನಿಯ ನಿಯಮ ಪ್ರಕಾರ ನಾವು ಮುಚ್ಚಿದ ರೂಮಿನಲ್ಲಿ, ಒಬ್ಬರೇ ಕೂತು ಕೆಲಸ ಮಾಡಬೇಕು. ಒಂದು ದಿನ ಹೇಳದೆ ಕೇಳದೆ ವೀಡಿಯೊದಲ್ಲಿ ಬಂದರು.

"ನಿಮ್ಮ ಹಿಂದೆ ಯಾರೋ ಇದ್ದಾರಲ್ಲ?"

"ಇಲ್ಲ ಮೇಡಂ," ಅಂದೆ. ಅಷ್ಟರಲ್ಲಿ ಕಿವಿಯ ಹತ್ತಿರ ಬಿಸಿ ಉಸಿರು ಬಂತು. ಹಗ್ಗ ಸಡಿಲವಾಗಿದ್ದ ದೊಡ್ಡವ್ವನ ಎಮ್ಮೆ ನನ್ನ ಭುಜದ ಮೇಲಿಂದ ತಲೆ ಚಾಚಿ ಮೇಡಂ ಮುಖವನ್ನೇ ನೋಡುತ್ತಿತ್ತು.

"ದಯವಿಟ್ಟು ಅವರನ್ನು ಆಚೆ ಕಳಿಸಿ," ಅಂದರು ಮೇಡಂ. ಅವರ ಸ್ಕ್ರೀನಿನಲ್ಲಿ ಬರೀ ಕಪ್ಪು ಕಾಣಿಸಿರಬೇಕು.

ದೊಡ್ಡವ್ವನಿಗೆ ಕೇಳಿಸಿತು. "ಯಾರವ್ವ ಅವ್ಳು? ನಮ್ಮ ಮನೇಲಿ ನಮ್ಮೆಮ್ಮೆ ಇರ್ಬಾರ್ದಾ?"

ಮೇಡಂ ಆಮೇಲೆ ಉದ್ದ ಮೆಸೇಜು ಹಾಕಿದರು. ತಿಂಗಳು ಮುಗಿಯುವುದರೊಳಗೆ ಮುಚ್ಚಿದ ರೂಮು, ಬೀಳದ ನೆಟ್ಟು, ಎರಡೂ ಬೇಕು. ಹೊಸ ಲ್ಯಾಪ್‌ಟಾಪುಗಳಲ್ಲೂ ಕೆಲವು ಸಲ ಅಗ್ಗದ ವೈರ್‌ಲೆಸ್ ಕಾರ್ಡು ಹಾಕಿರುತ್ತಾರೆ, ಒಳ್ಳೆಯದನ್ನು ಹಾಕಿಸಿಕೊಳ್ಳಿ ಅಂತಲೂ ಬರೆದಿದ್ದರು. ಅಪ್ಪ ನಾಗಮಂಗಲದಲ್ಲಿ ಆರಿಸಿ ತಂದ ಲ್ಯಾಪ್‌ಟಾಪು ಅದು. ಬಣ್ಣ ನೋಡಿ ಆರಿಸಿದ್ದರು.

ನಡುವೆ ಒಂದೇ ಒಂದು ದಿನ ನನ್ನ ರೂಮಿನಲ್ಲಿ ಸಿಗ್ನಲ್ಲು ಪೂರ್ತಿ ಬಂತು. ಬೆಳಗಿನಿಂದ ಸಂಜೆತನಕ ಒಂದು ಸಲವೂ ಬೀಳಲಿಲ್ಲ. ಬಾಗಿಲು ಹಾಕಿಕೊಂಡು ಕೆಲಸ ಮಾಡಿದೆ. ಸಂಜೆ ಅಮ್ಮ ಬಂದು "ಊಟ ಮಾಡಿದ್ಯಾ?" ಅಂದಾಗ ಉತ್ತರ ಕೊಡಲು ಹೋದರೆ ಗಂಟಲು ಕಟ್ಟಿಕೊಂಡಿತ್ತು. ಅವತ್ತಿನ ನನ್ನ ಮೊದಲ ಮಾತು ಅದು. ಮಾರನೇ ದಿನ ಸಿಗ್ನಲ್ಲು ಮತ್ತೆ ಇಲ್ಲ. ಚಾಪೆ ಹಿಡಿದು ಜಗಲಿಗೆ ಹೋದಾಗ ದೊಡ್ಡವ್ವ, "ನೆನ್ನೆ ಯಾಕವ್ವ ಬರ್ನಿಲ್ಲ? ಉಸಾರಿರ್ನಿಲ್ವಾ?" ಅಂದರು.

"ನೆಟ್ಟು ಬಂದಿತ್ತು ದೊಡ್ಡವ್ವ," ಅಂದೆ.

"ಅಂಗಾ," ಅಂದು ಏನೋ ಯೋಚನೆ ಮಾಡುತ್ತ ಒಳಗೆ ಹೋದರು. ಆ ದಿನ ಮಾತ್ರ ಯಾಕೆ ಬಂತು? ಕ್ಯಾಲೆಂಡರು ನೋಡಿದೆ. ಅಮಾವಾಸ್ಯೆ. ಅದೇ ಇರಬೇಕು ಅಂದುಕೊಂಡೆ. ವೈಫೈ ರಿಪೇರಿ ಮಾಡುವ ಕಂಪನಿಯವಳು ನಾನು.

ಹಲ್ಲು ನೋಡಿದ್ದು

ರಜೆ ಹಾಕಿ, ಅಮ್ಮನ ಜೊತೆ ಬಸ್ಸಿನಲ್ಲಿ ಪಾಂಡವಪುರಕ್ಕೆ ಹೋಗಿ, ಅಮ್ಮನನ್ನು ಸ್ಕೂಲಿಗೆ ಬಿಟ್ಟು, ಒಬ್ಬಳೇ ಕಂಪ್ಯೂಟರ್ ಅಂಗಡಿಗೆ ಹೋದೆ. ವಾರವೆಲ್ಲ ಕೂತು ಕಾರ್ಡುಗಳ ಬಗ್ಗೆ ಓದಿದ್ದೆ. ಒಂದು ಆಂಟೆನಾದ್ದು, ಎರಡು ಆಂಟೆನಾದ್ದು. ವೇಗ ಹೆಚ್ಚಿದ್ದು ಗೋಡೆ ದಾಟುವುದಿಲ್ಲ, ಗೋಡೆ ದಾಟುವುದಕ್ಕೆ ವೇಗವಿಲ್ಲ. ಕೆಲವು ಲ್ಯಾಪ್‌ಟಾಪುಗಳಲ್ಲಿ ಕಾರ್ಡನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ, ಬದಲಾಯಿಸಲು ಬರುವುದೇ ಇಲ್ಲ. ಎಲ್ಲ ತಲೆಯಲ್ಲಿತ್ತು. ಅಂಗಡಿಯವರು "ಏನ್ ಬೇಕಮ್ಮ?" ಅಂದ ತಕ್ಷಣ ಎಲ್ಲ ಹೋಯಿತು.

"ಕಾರ್ಡು," ಅಂದೆ.

ಅವರು ಪುಣ್ಯಾತ್ಮರು. ಲ್ಯಾಪ್‌ಟಾಪನ್ನು ತಿರುವಿ ಹಾಕಿ, ಬಿಚ್ಚಿ, "ಬೆಸುಗೆ ಇಲ್ಲ, ಬದಲಾಯಿಸ್ಬೋದು. ಈಗಿರೋದಕ್ಕೆ ಒಂದೇ ವೈರು. ಇನ್ನೊಂದು ವೈರು ಇಲ್ಲೇ ಮಡಚಿಟ್ಟಿದ್ದಾರೆ ನೋಡಿ," ಅಂತ ತೋರಿಸಿ, ಗಾಜಿನ ಮೇಲೆ ಎರಡು ಕಾರ್ಡು ಇಟ್ಟರು. ಬಿಸ್ಕತ್ತಿನ ಅರ್ಧದಷ್ಟೂ ಇಲ್ಲ. ನಾನು ಒಂದನ್ನು ನೋಡಿ, ಇನ್ನೊಂದನ್ನು ನೋಡಿ, ಮತ್ತೆ ಮೊದಲಿನದನ್ನೇ ನೋಡುತ್ತ ನಿಂತೆ.

ಪಕ್ಕದಲ್ಲಿ ಚಿನಕುರಳಿ ಕಡೆಯ ಯಜಮಾನರೊಬ್ಬರು ಮೊಬೈಲಿಗೆ ಗಾಜು ಹಾಕಿಸಲು ಕಾಯುತ್ತಿದ್ದರು. ದನದ ವ್ಯಾಪಾರ ಮಾಡಿ ಪಳಗಿದ ಕೈ ಅಂತ ಆಮೇಲೆ ಗೊತ್ತಾಯಿತು. ಬಗ್ಗಿ ನೋಡಿ ಕೇಳಿದರು: "ಇದೇನ್ಲಾ ಇದರ ಮ್ಯಾಲೆ, ಎರಡು ಗುಬುಟು?"

"ವೈರು ಸಿಗಿಸೋದು ಯಜಮಾನ್ರೆ. ಇದಕ್ಕೆ ಎರಡು, ಅದಕ್ಕೆ ಒಂದು."

"ಮತ್ತಿನ್ನೇನವ್ವ ನೋಡೀಯೆ? ಎರಡು ಕೊಂಬಿಂದ ತಗೊ. ಒಂಟಿ ಕೊಂಬಿಂದ ಯಾರು ಮನೆಗೆ ಒಡ್ಕೊಂಡೋಯ್ತಾರೆ?"

ಅಷ್ಟಕ್ಕೇ ಬಿಡಲಿಲ್ಲ. ಕಾರ್ಡನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಕಾರ್ಡಿನ ಅಂಚಿನಲ್ಲಿ ಚಿನ್ನದ ಬಣ್ಣದ ಸಣ್ಣ ಸಣ್ಣ ಪಟ್ಟಿಗಳ ಸಾಲು ಇರುತ್ತದೆ. ಅದನ್ನು ನೋಡಿ, "ಹಲ್ಲು ಚೆಂದಾಗವೆ. ಸವ್ದಿಲ್ಲ. ಇನ್ನೂ ಪ್ರಾಯದ್ದು," ಅಂದರು. "ಮೈ ಮ್ಯಾಲೆ ಕೆಟ್ಟ ಸುಳಿ ಅದಾ ನೋಡಿದ್ಯೇನ್ಲಾ?"

ಅಂಗಡಿಯವರು ನಗಲಿಲ್ಲ. ಚಿಮಟದಲ್ಲಿ ಕಾರ್ಡನ್ನು ತಿರುಗಿಸಿ ಹಿಂದುಗಡೆ ನೋಡಿ, "ಸುಳಿ ಇಲ್ಲ ಯಜಮಾನ್ರೆ," ಅಂದರು.

ಎರಡು ಕೊಂಬಿನದನ್ನೇ ತೆಗೆದುಕೊಂಡೆ. ವಾರವೆಲ್ಲ ಓದಿ ನಾನು ಬಂದಿದ್ದ ತೀರ್ಮಾನವೂ ಅದೇ.

ಸ್ಕ್ರೂ

ಹಾಕಿಕೊಡಲು ಅವರಿಗೆ ಅವತ್ತು ಬಿಡುವಿರಲಿಲ್ಲ. "ಬಿಟ್ಟು ಹೋಗಿ, ಸೋಮವಾರ ಕೊಡ್ತೀನಿ," ಅಂದರು. ನನಗೆ ನಾಳೆಯೇ ಕೆಲಸ. ಕಾರ್ಡನ್ನು ಕೈಯಲ್ಲಿ ಹಿಡಿದು ಮನೆಗೆ ಬಂದೆ.

ಕಿಕ್ಕೇರಿಯಲ್ಲಿ ನನ್ನ ಸೋದರಮಾವನ ಮಗನಿದ್ದಾನೆ. ಮದುವೆ ವೀಡಿಯೊ ತೆಗೆಯುತ್ತಾನೆ. ವೈರು ಇರುವ ಎಲ್ಲದಕ್ಕೂ ನಮ್ಮ ಮನೆಯವರು ಅವನನ್ನೇ ಕೇಳುತ್ತಾರೆ. ಫೋನಿನಲ್ಲಿ ವೀಡಿಯೊ ಹಾಕಿಕೊಂಡು ಹೇಳಿಕೊಡುತ್ತೇನೆ ಅಂದ. ಫೋನಿಗೂ ನೆಟ್ಟು ಬೇಕಲ್ಲ, ಜಗಲಿಯ ಮೇಲೇ ಆಪರೇಷನ್ನು ಶುರುವಾಯಿತು.

"ಕೈ ನಡುಗುಸ್ಬೇಡ ಕಣಮ್ಮಿ. ಹಳೇ ಕಾರ್ಡಿನ ಸ್ಕ್ರೂ ಬಿಚ್ಚು. ಎಳ್ಳಿನಷ್ಟಿರ್ತದೆ, ಹುಷಾರು."

ಬಿಚ್ಚಿದೆ. ಎಳ್ಳಿನಷ್ಟೇ ಇತ್ತು. ಚಾಪೆಯ ಮೇಲೆ ಇಟ್ಟೆ. ದೊಡ್ಡವ್ವನ ಕೆಂಪು ಕೋಳಿ ಎಲ್ಲಿಂದಲೋ ಓಡಿ ಬಂತು, ಒಂದು ಸಲ ತಲೆ ಓರೆ ಮಾಡಿ ನೋಡಿತು, ಕುಕ್ಕಿತು, ಹೋಯಿತು.

"ಏನಾಯ್ತು? ಯಾಕೆ ಸುಮ್ಕಾದೆ?" ಅಂದ ಮಾವನ ಮಗ.

"ಕೋಳಿ ತಿಂತು."

"ನನ್ನ ಸರ್ವೀಸ್ನಲ್ಲಿ ಈ ಕಂಪ್ಲೇಂಟು ಬಂದಿಲ್ಲ," ಅಂದ.

ದೊಡ್ಡವ್ವ ತಡಮಾಡಲಿಲ್ಲ. ಕೋಳಿಯನ್ನು ಅಟ್ಟಿ ಹಿಡಿದು ಮಂಕರಿ ಮುಚ್ಚಿ, ಮೇಲೆ ಕಲ್ಲು ಹೇರಿ, ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತರು. "ಬತ್ತದೆ ಇರು. ಎಲ್ಲೋಯ್ತದೆ?" ಮಧ್ಯಾಹ್ನ ಕಳೆಯಿತು, ಸಂಜೆಯಾಯಿತು. ನಾವಿಬ್ಬರೂ ಕೋಳಿ ಕಾಯುತ್ತ ಕೂತೆವು. ಅಷ್ಟು ಹೊತ್ತು ನಾನು ಒಬ್ಬರ ಪಕ್ಕ ಕೂತು ಎಷ್ಟೋ ಕಾಲವಾಗಿತ್ತು. ದೊಡ್ಡವ್ವ ತಮ್ಮ ಮದುವೆ ಕತೆ ಹೇಳಿದರು. ದೊಡ್ಡಪ್ಪ ಮೂರು ದಿನ ಮಾತೇ ಆಡಲಿಲ್ಲವಂತೆ, ಮೂಗನೇನೋ ಅಂತ ಇವರು ಅತ್ತರಂತೆ. "ಈಗ್ಲೂ ಅಂಗೆಯ. ಎಮ್ಮೆ ಜೊತೆ ಆಡಿದ ಮಾತಲ್ಲಿ ಏನಾರ ಉಳಿದ್ರೆ ನನ್ ಕುಟ್ಟೆ," ಅಂದರು. ನಾನು ನಕ್ಕೆ. ಶಬ್ದ ಬರುವ ಹಾಗೆ ನಕ್ಕೆ.

ಸ್ಕ್ರೂ ಬರಲಿಲ್ಲ. ಕೊನೆಗೆ ಕಾರ್ಡನ್ನು ಅಂಟುಪಟ್ಟಿ ಹಾಕಿ ಕೂರಿಸಿದೆ. ಕೋಳಿಯನ್ನು ಬಿಡುತ್ತ ದೊಡ್ಡವ್ವ, "ಓಗ್ಲಿ ಬುಡವ್ವ, ನಿನ್ನ ರೂಮ್ಗೆ ಬರ್ದಿದ್ರೂ ನಮ್ಮ ಕೋಳಿಗಾದ್ರೂ ಸಿಗ್ನಲ್ಲು ಬರ್ಲಿ," ಅಂದರು.

ಡಬರಿ

ಮಾರನೇ ದಿನ ರೂಮಿನ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪು ತೆರೆದೆ. ಎರಡು ಕೊಂಬಿನ ಹೊಸ ಕಾರ್ಡು. ಒಂದು ಗೆರೆ ಬಂತು, ಹೋಯಿತು. ಬಂತು, ಹೋಯಿತು. ಕಾರ್ಡು ಕೆಲಸ ಮಾಡಲಿ ಅಂತ ದೇವರಿಗೆ ಕೈ ಮುಗಿದಿದ್ದೆ. ಮಾಡದೆ ಹೋದಾಗ ಚಾಪೆ ಸುತ್ತಿಕೊಂಡು ಎದ್ದ ವೇಗ ನೋಡಿ ನನಗೇ ನಾಚಿಕೆಯಾಯಿತು.

ಆದರೆ ತಿಂಗಳು ಮುಗಿಯುತ್ತ ಬಂದಿತ್ತು. ಮೇಡಂ ಆಗಲೇ ಬರೆದಿದ್ದರು: ಇವತ್ತು ರೂಮಿನಿಂದ ವೀಡಿಯೊದಲ್ಲಿ ಬನ್ನಿ, ಇಲ್ಲದಿದ್ದರೆ ಇಲ್ಲಿಗೇ ಮುಗಿಸೋಣ. ಅಪ್ಪನೂ ಫೋನು ಮಾಡಿ, ಶೋರೂಮಿನವರು ಒಂದು ಸಲ ಬಂದು ಮಾತಾಡಲಿ ಅಂದಿದ್ದಾರೆ ಅಂದರು. ಮಾತಾಡಲಿ ಅನ್ನುವ ಪದ ಕೇಳಿಯೇ ಫೋನು ಇಟ್ಟೆ.

ಜಗಲಿಗೆ ಹೋದರೆ ದೊಡ್ಡವ್ವ ಕಾಣಲಿಲ್ಲ, ಹಿತ್ತಲಲ್ಲಿ ಎಮ್ಮೆಗೆ ಬೂಸ ಕಲಸುತ್ತಿದ್ದ ಸದ್ದು. ಚಾಟ್‌ನಲ್ಲಿ ಆಗಲೇ ಒಬ್ಬಾಕೆ ಕಾಯುತ್ತಿದ್ದಳು. ಎರಡು ಪ್ರಶ್ನೆ ಮುಗಿಸಿ ಮೂರನೆಯದನ್ನು ಟೈಪ್ ಮಾಡಿದೆ: ರೂಟರಿನ ಮೇಲಾಗಲೀ ಪಕ್ಕದಲ್ಲಾಗಲೀ ಲೋಹದ ವಸ್ತು ಏನಾದರೂ ಇದೆಯೇ?

"ಇಲ್ಲ," ಅಂತ ಬರೆದು ಆಕೆ ತಮಾಷೆಗೆ ಸೇರಿಸಿದಳು: "ನಿನ್ನದರ ಮೇಲೆ?"

ನನ್ನದರ ಮೇಲೆ ಏನಿದೆ ಅಂತ ನಾನು ನೋಡಿಯೇ ಇರಲಿಲ್ಲ.

ಧೈರ್ಯ ಮಾಡಿ ಹೊಸಿಲು ದಾಟಿದೆ. ಟೀವಿ ಸ್ಟ್ಯಾಂಡಿನ ಮೇಲೆ ರಿಮೋಟಿತ್ತು, ಅದರ ಮೇಲೆ ಕರ್ಚೀಫಿತ್ತು. ಅದರ ಪಕ್ಕ, ನಮ್ಮ ಎರಡು ಮನೆಯ ವೈಫೈ ಪೆಟ್ಟಿಗೆ ಇರಬೇಕಾದ ಜಾಗದಲ್ಲಿ, ಬಕೆಟ್ಟಿನಷ್ಟು ದೊಡ್ಡ ಅಲ್ಯೂಮಿನಿಯಂ ಡಬರಿಯೊಂದು ಬೋರಲು ಬಿದ್ದಿತ್ತು. ಅಂಚಿನಡಿಯಿಂದ ವೈರು ಮಾತ್ರ ಬಾಲದ ಹಾಗೆ ಹೊರಗೆ ಬಂದಿತ್ತು. ಡಬರಿ ಎತ್ತಿದೆ. ಒಳಗೆ ಪೆಟ್ಟಿಗೆ ಪಿಳಿಪಿಳಿ ಕಣ್ಣು ಬಿಡುತ್ತಿತ್ತು. ಕೈಯಲ್ಲಿದ್ದ ಫೋನಿನಲ್ಲಿ ಎಲ್ಲ ಗೆರೆಗಳೂ ಒಟ್ಟಿಗೆ ಎದ್ದು ನಿಂತವು.

"ಇಟ್ಬುಡವ್ವ ಅದ," ಅಂದರು ಹಿಂದಿನಿಂದ ದೊಡ್ಡವ್ವ. ಕೈಯೆಲ್ಲ ಬೂಸ.

"ದೊಡ್ಡವ್ವ, ಇದನ್ನ ಮುಚ್ಚಿದ್ರೆ ನೆಟ್ ಬರಲ್ಲ."

"ಗೊತ್ತು."

ಡಬರಿ ಹಿಡಿದುಕೊಂಡು ಹಾಗೇ ನಿಂತೆ.

"ಮೊದ್ಲು ಗೊತ್ತಿರ್ನಿಲ್ಲ ಕಣವ್ವ. ಮುಟ್ಟುದ್ರೆ ಬೆಚ್ಚಗಿತ್ತು, ಕಾವಿಗೆ ಕೂತ್ ಕೋಳಿ ಇದ್ದಂಗೆ. ಹಲ್ಲಿ ಬಿದ್ದೀತು ಅಂತ ಮುಚ್ಚಿದೆ. ಹಲ್ಲಿ ಕಾಟ ನೋಡು ನಮ್ಮನೇಲಿ. ನೀನು ಜಗಲಿಗೆ ಬಂದು ಕೂತ್ಕಂಡೆ. ಅಮಾಸೆ ದಿನ ಎಡೆಗೆ ಪಾಯ್ಸ ಮಾಡಕೆ ಡಬರಿ ಬೇಕಾಯ್ತು, ತಗಂಡೆ. ಅವತ್ತು ನೀನು ಬರ್ನಿಲ್ಲ. ಕೇಳುದ್ರೆ ನೆಟ್ಟು ಬಂದಿತ್ತು ಅಂದೆ." ಬೂಸದ ಕೈಯನ್ನು ನೋಡಿಕೊಂಡರು. "ಅವತ್ತೇ ತಿಳ್ಕಂಡೆ. ಇದ ಮುಚ್ಚುದ್ರೆ ನೀನು ಬತ್ತೀಯ, ತೆಗುದ್ರೆ ಬರಾಕಿಲ್ಲ."

ಗೋಡೆಯಾಚೆ ಜಗಲಿಯ ಮೇಲೆ ನನ್ನ ಲ್ಯಾಪ್‌ಟಾಪು ಟಿಣ್ ಟಿಣ್ ಅನ್ನುತ್ತಿತ್ತು. ಮೇಡಂ ಇರಬೇಕು.

ಏನಾದರೂ ಹೇಳಬೇಕಿತ್ತು. ಪಾಂಡವಪುರದ ಅಂಗಡಿ, ಎರಡು ಕೊಂಬು, ಹಲ್ಲು, ಸುಳಿ, ಕೋಳಿಯ ಹೊಟ್ಟೆಯಲ್ಲಿರುವ ಸ್ಕ್ರೂ, ಎಲ್ಲ ಒಟ್ಟಿಗೆ ನೆನಪಾಗಿ ನಗು ಬಂತು.

"ಮೇಡಂ ರೂಮಲ್ಲೇ ಇರು ಅಂತಾರೆ ದೊಡ್ಡವ್ವ. ಇಲ್ಲಾಂದ್ರೆ ಕೆಲಸ ಹೋಗುತ್ತೆ. ನಾಗಮಂಗಲಕ್ಕೆ ಹೋಗ್ಬೇಕಾಗುತ್ತೆ."

ದೊಡ್ಡವ್ವ ನನ್ನ ಕೈಯಿಂದ ಡಬರಿಯನ್ನು ತೆಗೆದುಕೊಂಡರು. ಸೆರಗಿನಲ್ಲಿ ಅದರ ತಳವನ್ನು ಒಂದು ಸುತ್ತು ಒರೆಸಿದರು. ಅಡುಗೆಮನೆಗೆ ಒಯ್ದಿಡಲಿಲ್ಲ. ಮಂಕರಿ ಹಿಡಿದು ಕೋಳಿಯ ಹಿಂದೆ ನಿಂತ ಹಾಗೆ, ಪೆಟ್ಟಿಗೆಯ ಮೇಲೆ ಎರಡೂ ಕೈಯಲ್ಲಿ ಅದನ್ನು ಹಿಡಿದು ನಿಂತರು.

"ದಿನಾ ಪೂರ್ತಿ ಮುಚ್ಚಾಕಿಲ್ಲ ಬುಡು. ಉಂಡಾದ್ಮೇಲೆ, ನಿಮ್ಮವ್ವನ ಬಸ್ಸು ಬರೋಗಂಟ, ಒಂದು ಗಳಿಗೆ ಮುಚ್ಕತೀನಿ. ಆ ಮೇಡಮ್ಗೆ ಮಳೆ ಬತ್ತಾದೆ ಅನ್ನು, ಕರೆಂಟು ಓಯ್ತು ಅನ್ನು, ಎಮ್ಮೆ ವೈರ ತಿಂತು ಅನ್ನು. ಆಯ್ತು ಅನ್ನವ್ವ."

ಲ್ಯಾಪ್‌ಟಾಪು ಮತ್ತೆ ಟಿಣ್ ಅಂದಿತು. ಹಿತ್ತಲಲ್ಲಿ ಎಮ್ಮೆ ಬೂಸಕ್ಕೆ ಕೂಗಿತು. ದೊಡ್ಡವ್ವ ಕದಲಲಿಲ್ಲ. ಡಬರಿ ಇನ್ನೂ ಗಾಳಿಯಲ್ಲೇ ಇತ್ತು.

"ಬೇಗ ಅನ್ನು. ಕೈ ನೋಯ್ತಾವೆ."